ಅನುಮಾನದ ಬುಟ್ಟಿ

ಕಿವಿಯಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಆ ಹೆಸರು ಹಿಡಿದು ಕರೆಯುವವರು ಈಗ ಬ್ಯಾಂಕಿನ ಗುಮಾಸ್ತ ಮತ್ತು ಆಸ್ಪತ್ರೆಯ ನರ್ಸು, ಇಬ್ಬರೇ. ಅವರು ಕೂಗಿದಾಗಲೂ ಅವಳು ಒಂದು ಸಲಕ್ಕೆ ಏಳುವುದಿಲ್ಲ, ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂತ ಪಕ್ಕದವರ ಮುಖ ನೋಡುತ್ತಾಳೆ. ಪಿಂಗಾಣಿ ಕಾರ್ಖಾನೆಯವರು ಕೊಟ್ಟ ಹೆಸರೇ ಗಟ್ಟಿಯಾಗಿ ಕೂತುಬಿಟ್ಟಿದೆ. ಮೂವತ್ತೇಳು ವರ್ಷ ಆ ಕಾರ್ಖಾನೆಯ ತಟ್ಟುವ ಕೋಣೆಯಲ್ಲಿ ಕೂತು, ಯಾವ ಟೀ ಕಪ್ಪು ಗಟ್ಟಿ, ಯಾವುದು ಬಿರುಕು ಅಂತ ಬರೀ ಕಿವಿಯಿಂದ ಹೇಳಿದವಳಿಗೆ ಇನ್ನೇನು ಹೆಸರಿಟ್ಟಾರು?

ಕೆಲಸ ಏನೂಂತ ಹೇಳಿದರೆ ಇಷ್ಟೇನಾ ಅನ್ನುತ್ತೀರಿ. ಭಟ್ಟಿಯಿಂದ ಇಳಿದು ತಣಿದ ಕಪ್ಪುಗಳು ಹಲಗೆಯ ಮೇಲೆ ಸಾಲಾಗಿ ಬರುತ್ತವೆ. ಒಂದನ್ನೆತ್ತಿ ಎಡಗೈಯ ಮೂರು ಬೆರಳ ತುದಿಯಲ್ಲಿ ಕೂರಿಸಬೇಕು. ಅಂಗೈ ತಾಗಬಾರದು, ತಾಗಿದರೆ ದನಿ ಸತ್ತುಹೋಗುತ್ತದೆ. ಬಲಗೈಯಲ್ಲಿ ಪೆನ್ಸಿಲ್ಲಿನಷ್ಟು ಉದ್ದದ ಮರದ ಕಡ್ಡಿ. ಅಂಚಿಗೆ ಒಂದೇ ಏಟು. ಟಣ್ ಅಂದರೆ ಗಟ್ಟಿ, ಬಲಗಡೆಯ ಪೆಟ್ಟಿಗೆಗೆ ಹೋಗಬೇಕು. ಡಬ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ, ಎಡಗಡೆಯ ತೊಟ್ಟಿಗೆ ಹೋಗಬೇಕು. ನಿಮಿಷಕ್ಕೆ ಇಪ್ಪತ್ತು ಕಪ್ಪು. ಆದರೆ ಇವೆರಡರ ನಡುವೆ ಮೂರನೆಯ ಜಾತಿಯ ದನಿ ಒಂದಿದೆ, ಅತ್ತ ಟಣ್ ಅನ್ನದೆ ಇತ್ತ ಡಬ್ಬೂ ಅನ್ನದೆ ತಲೆ ತಿನ್ನುವಂಥದ್ದು. ಅಂಥವಕ್ಕೆಂದೇ ಮೇಜಿನ ನಡುವೆ ಒಂದು ಬೆತ್ತದ ಬುಟ್ಟಿ ಇಟ್ಟಿದ್ದರು. ಅನುಮಾನದ ಬುಟ್ಟಿ ಅಂತಲೇ ಅದರ ಹೆಸರು. ಅದರಲ್ಲಿ ಬಿದ್ದವನ್ನು ಮಧ್ಯಾಹ್ನ ಊಟ ಮುಗಿಸಿ, ಕಿವಿ ತಣಿದ ಮೇಲೆ ಮತ್ತೆ ತಟ್ಟಿ ನೋಡಬೇಕು.

ಮೇಜಿನ ಆಚೆ ಬದಿಗೆ ಕೂರುತ್ತಿದ್ದವಳು ಅಕ್ಕ. ಒಡಹುಟ್ಟಿದ ಅಕ್ಕನಲ್ಲ, ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಅಂತ ಲೋಕ ತೀರ್ಮಾನ ಮಾಡಿಟ್ಟಿದೆ. ಆ ತೀರ್ಮಾನ ಕೆಡಿಸಿದವರು ಇವರಿಬ್ಬರು. ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ, ಮನೆಯಲ್ಲಿ ಕೂತು ಕೂತು ಮಂಕಾಗಿದ್ದ ಇಪ್ಪತ್ತೊಂದು ವರ್ಷದ ಹುಡುಗಿಯ ಕೈಹಿಡಿದು ಕಾರ್ಖಾನೆಗೆ ಕರೆದುಕೊಂಡು ಹೋದವಳು ಅಕ್ಕ. ತಟ್ಟುವುದನ್ನು ಕಲಿಸಿದವಳೂ ಅವಳೇ. ಭಾನುವಾರ ಅಡುಗೆಮನೆಯ ನೆಲದ ಮೇಲೆ ಮನೆಯ ಕಪ್ಪುಗಳನ್ನೆಲ್ಲ ಹರಡಿಕೊಂಡು, "ಕಣ್ಣು ಮುಚ್ಕೋ. ಈಗ ಹೇಳು ನೋಡೋಣ, ಗಟ್ಟೀನೋ ಬಿರುಕೋ?" ಎಂದು ಪರೀಕ್ಷೆ ಮಾಡುತ್ತಿದ್ದಳು. ಹಾಗೆ ಒಂದು ಭಾನುವಾರ ಅತ್ತೆಯ ಪ್ರೀತಿಯ ಕಪ್ಪು ಎರಡು ಹೋಳಾಯಿತು. ಇಬ್ಬರೂ ಸೇರಿ ಅದನ್ನು ಹಿಟ್ಟಿನ ಡಬ್ಬದಲ್ಲಿ ಹೂತರು. ಅತ್ತೆ ವಾರಗಟ್ಟಲೆ ಹುಡುಕಿ, "ಈ ಮನೇಲಿ ಕಪ್ಪಿಗೂ ಕಾಲು ಬಂತಲ್ಲಪ್ಪಾ" ಎಂದು ಗೊಣಗಿದಾಗ ಹಿತ್ತಲಿಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹತ್ತೊಂಬತ್ತು ವರ್ಷ ಒಂದೇ ಮೇಜು. ಬೆಳಿಗ್ಗೆ ಒಟ್ಟಿಗೆ ನಡೆದು ಹೋಗುವುದು, ಸಂಜೆ ಒಟ್ಟಿಗೆ ಬರುವುದು, ಒಂದೇ ಊಟದ ಡಬ್ಬಿ. ಕೈ ತಟ್ಟುತ್ತಿದ್ದರೆ ಬಾಯಿ ಮನೆಯ ಸುದ್ದಿ, ಬೀದಿಯ ಸುದ್ದಿ, ಮೇಸ್ತ್ರಿಯ ಹೊಸ ಹಲ್ಲುಸೆಟ್ಟಿನ ಸುದ್ದಿ ಆಡುತ್ತಿತ್ತು. ಕಿವಿಯಮ್ಮ ಬಸುರಿಯಾಗಿದ್ದಾಗ ಅವಳ ಪಾಲಿನ ಹಲಗೆಯನ್ನೂ ಅಕ್ಕನೇ ಎತ್ತಿಡುತ್ತಿದ್ದಳು. ಕೋಣೆಗೆ ಪೂರ್ವದ ಕಡೆ ಎತ್ತರದಲ್ಲಿ ಒಂದು ಕಿಟಕಿ. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಅಕ್ಕನ ಭುಜದ ಮೇಲಿರುತ್ತಿತ್ತು, ಹನ್ನೊಂದಕ್ಕೆ ಕಪ್ಪುಗಳ ಮೇಲೆ. ಮಾತಿಲ್ಲದ ಹೊತ್ತಿನಲ್ಲಿ ಇಬ್ಬರ ಕಡ್ಡಿಗಳೂ ತಾವಾಗಿ ಒಂದೇ ಹೆಜ್ಜೆಗೆ ಬೀಳುತ್ತಿದ್ದವು, ಟಣ್ ಟಣ್, ಟಣ್ ಟಣ್. ಅಷ್ಟು ಸುಖವಾಗಿದ್ದೆ ಅಂತ ಆಗ ಅವಳಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಿದೆ, ಏನು ಪ್ರಯೋಜನ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಉತ್ತರ ದಕ್ಷಿಣ. ಅಕ್ಕನ ಅನುಮಾನದ ಬುಟ್ಟಿ ದಿನಾ ತುಂಬುತ್ತಿತ್ತು. ಕಿವಿಯಮ್ಮ ತನ್ನ ಜನ್ಮದಲ್ಲಿ ಅದರೊಳಗೆ ಒಂದು ಕಪ್ಪು ಇಟ್ಟವಳಲ್ಲ. ಕಡ್ಡಿ ತಾಗುವುದರೊಳಗೆ ಅವಳ ಕೈ ಪೆಟ್ಟಿಗೆಗೋ ತೊಟ್ಟಿಗೋ ಹೊರಟಾಗಿರುತ್ತಿತ್ತು. "ಏನಕ್ಕಾ ನೀನು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಒಂದು ಕಪ್ಪಿಗೆ ಎಷ್ಟು ಸಲ ಕಿವಿ ಕೊಡ್ತೀಯ?" ಎಂದು ರೇಗಿಸುತ್ತಿದ್ದಳು. ಅಕ್ಕ ನಗುತ್ತ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೇ. ನಿನ್ನಂಥ ಕಿವಿ ನಂಗೆಲ್ಲಿದೆ?" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ಕಿವಿಯಮ್ಮನಿಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಬೇಕು?

ಆ ಅಕ್ಕನ ಜೊತೆ ಮಾತು ನಿಂತು ಮೂವತ್ತೊಂದು ವರ್ಷವಾಯಿತು.

ಅಂದು ಬೆಳಿಗ್ಗೆ ಮೇಸ್ತ್ರಿ ಕೈ ಉಜ್ಜಿಕೊಳ್ಳುತ್ತ ಬಂದ. ದೊಡ್ಡ ಹೋಟೆಲಿನ ಆರು ಸಾವಿರ ಕಪ್ಪಿನ ಆರ್ಡರು, ಕೊಳ್ಳುವವರು ಮಧ್ಯಾಹ್ನವೇ ಮಾಲು ನೋಡಲು ಬರುತ್ತಿದ್ದಾರೆ. "ಇವತ್ತು ಹೊಸ ಭಟ್ಟಿ ಮಾಲು ಕಣ್ರಮ್ಮಾ. ನಾನೇ ಮುಂದೆ ನಿಂತು ಬೇಯಿಸಿದ್ದು. ಒಂದರಲ್ಲೂ ಕೂದಲೆಳೆ ಬಿರುಕಿಲ್ಲ. ಕಿವುಡ ಕೂತು ತಟ್ಟಿದ್ರೂ ಪಾಸೇ. ಗೀಟು ಹಾಕೋದು ಬೇಡ, ಬುಟ್ಟೀನೂ ಬೇಡ. ಬೇಗ ಬೇಗ ಮುಗಿಸಿ." ಗೀಟು ಅಂದರೆ, ಯಾರು ತಟ್ಟಿದ್ದು ಅಂತ ತಿಳಿಯಲು ಕಪ್ಪಿನ ಬುಡಕ್ಕೆ ಹಾಕುವ ಪೆನ್ಸಿಲ್ ಗುರುತು. ಅಕ್ಕನದು ಒಂದು, ಕಿವಿಯಮ್ಮನದು ಎರಡು. ಅಕ್ಕ ಹಿಂದೆಮುಂದೆ ನೋಡಿದಳು. ಕಿವಿಯಮ್ಮ ನಕ್ಕು ಬುಟ್ಟಿಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದಳು. ಇಬ್ಬರ ಕಪ್ಪೂ ಒಂದೇ ಪೆಟ್ಟಿಗೆಗೆ ಬೀಳತೊಡಗಿದವು. ಮೇಸ್ತ್ರಿ ಹೇಳಿದ್ದು ನಿಜವೇ, ಮೊದಲ ಗಂಟೆ ಪೂರ್ತಿ ಒಂದೇ ಒಂದು ಡಬ್ ಇಲ್ಲ. ಕೋಣೆಯೆಲ್ಲ ಟಣ್ ಟಣ್ ಟಣ್.

ಮಧ್ಯಾಹ್ನ ಕೊಳ್ಳುವವರು ತಾವೇ ಪೆಟ್ಟಿಗೆಯೊಳಗಿಂದ ಒಂದು ಕಪ್ಪು ಆರಿಸಿದರು. ಮಾಲೀಕರು ಜಂಬದಿಂದ ತಮ್ಮ ಕೈಯಾರೆ ಅದಕ್ಕೆ ಸುಡುಸುಡು ಟೀ ಸುರಿದರು. ಕಪ್ಪು ಸದ್ದಿಲ್ಲದೆ ಬಾಯಿಬಿಟ್ಟಿತು. ಟೀ ಪೂರ್ತಿ ಕೊಳ್ಳುವವರ ತೊಡೆಯ ಮೇಲೆ. ಅವರು ಪ್ಯಾಂಟು ಹಿಡಿದುಕೊಂಡು ಕುಣಿದದ್ದನ್ನು ಆಫೀಸಿನವರು ಮುಂದೆ ವರ್ಷಗಟ್ಟಲೆ ಅಭಿನಯಿಸಿ ತೋರಿಸುತ್ತಿದ್ದರು. ಅಂದು ಮಾತ್ರ ಯಾರೂ ನಗಲಿಲ್ಲ. ಆರ್ಡರು ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋಯಿತು.

ಮಾಲೀಕರು ಇಬ್ಬರನ್ನೂ ಎದುರಿಗೆ ನಿಲ್ಲಿಸಿದರು. "ಗೀಟಿಲ್ಲ. ನೀವೇ ಹೇಳಿ. ಯಾರ ಕೈಯಿಂದ ಹೋಯ್ತು ಇದು?"

"ನಂದಲ್ಲ ಸಾರ್," ಎಂದಳು ಕಿವಿಯಮ್ಮ ತಟಕ್ಕನೆ. "ನನ್ನ ಕಿವಿಯಾಣೆಗೂ ನಂದಲ್ಲ. ನನ್ನದು ಒಂದೊಂದೂ ಟಣ್ ಅಂದಿದೆ. ಡಬ್ ಅನ್ನೋದು ಇವತ್ತು ನನ್ನ ಕಿವಿಗೇ ಬಿದ್ದಿಲ್ಲ."

ಅವಳು ಸುಳ್ಳು ಹೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಅವಳಿಗೆ ಹಾಗೆಯೇ ಕೇಳಿಸಿತ್ತು.

ಅಕ್ಕ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಎರಡು ಕೈಗಳನ್ನು ನೋಡಿಕೊಂಡಳು. "ಹಾಗಾದ್ರೆ ನಂದೇ ಇರ್ಬೇಕು ಸಾರ್," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಂತ ಮೇಸ್ತ್ರಿ ಹೊರಗೆ ಆಡಿಕೊಂಡ. ಅದೇ ಸಂಜೆ ಅಕ್ಕನನ್ನು ಕೆಲಸದಿಂದ ತೆಗೆದರು. ಆರು ತಿಂಗಳೊಳಗೆ ಭಾವ ಊರಿನ ಆ ಕೊನೆಯಲ್ಲಿ ಬೇರೆ ಮನೆ ಹಿಡಿದ. ಜಗಳವಿಲ್ಲ, ಬೈಗುಳವಿಲ್ಲ. ಅಕ್ಕ ಮಾತು ಕಮ್ಮಿ ಮಾಡಿದಳು, ಆಮೇಲೆ ನಿಲ್ಲಿಸಿದಳು. "ತಪ್ಪು ಮಾಡಿದೋರು ಅವರು, ಮುನಿಸು ನನ್ನ ಮೇಲೆ," ಎಂದು ಕಿವಿಯಮ್ಮ ಕಂಡಕಂಡವರ ಮುಂದೆ ಹೇಳಿಕೊಂಡಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಮೇಲೆ ಹದಿನೆಂಟು ವರ್ಷ ಎದುರಿಗೆ ಯಾರ್ಯಾರೋ ಬಂದು ಕೂತು ಹೋದರು. ಒಬ್ಬರ ಕಡ್ಡಿಯೂ ಅವಳ ಕಡ್ಡಿಯ ಜೊತೆ ಹೆಜ್ಜೆ ಹಾಕಲಿಲ್ಲ.

ಈಗ ಅವಳಿಗೆ ಎಪ್ಪತ್ತೊಂದು. ಕಾರ್ಖಾನೆ ಮುಚ್ಚಿ ಗೋದಾಮಾಗಿದೆ. ಮೊಮ್ಮಗಳು ಮಿದುಳಿನ ಬಗ್ಗೆ ಸಂಶೋಧನೆ ಮಾಡುವ ಕಡೆ ಕೆಲಸಕ್ಕಿದ್ದಾಳೆ. ಕಣ್ಣು ಕಿವಿಗೆ ಬಿದ್ದದ್ದನ್ನು ಮಿದುಳು ಇಂಥದ್ದೇ ಅಂತ ಹೇಗೆ ತೀರ್ಮಾನ ಮಾಡುತ್ತದೆ ಎನ್ನುವುದು ಅವಳ ವಿಷಯ. ಚಿಕ್ಕಂದಿನಿಂದ ಅಜ್ಜಿಯ ಟಣ್ ಡಬ್ ಕಥೆ ಕೇಳಿ ಕೇಳಿ ಬೆಳೆದವಳು, ಅದನ್ನೇ ಒಂದು ಪ್ರಯೋಗ ಮಾಡಿಕೊಂಡಿದ್ದಳು. ವಯಸ್ಸಾದವರು ಕೆಲವರು ಬೇಕಾಗಿದ್ದಾರೆ ಅಂದಾಗ ಅಜ್ಜಿ ಹೊಸ ಚಪ್ಪಲಿ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ತಯಾರು.

"ಪಾಪ, ನಿಮ್ಮ ಮೆಷೀನು ಸೋತುಹೋದ್ರೆ ಅಳಬಾರದು," ಎಂದಳು ದಾರಿಯಲ್ಲಿ.

ಒಂದು ಪುಟ್ಟ ಕೋಣೆ. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ, ತನ್ನ ಉಸಿರು ತನಗೇ ಕೇಳುವಷ್ಟು ಮೌನ. ಮೊದಲು ಕಿವಿ ಪರೀಕ್ಷೆ ಮಾಡಿ, ವಯಸ್ಸಿಗೆ ಚೆನ್ನಾಗಿಯೇ ಇದೆ ಅಂದರು. ಆಮೇಲೆ ಕಿವಿಗೆ ಹೆಡ್‌ಫೋನು. ಅದರಲ್ಲಿ ಸ್ಟವ್ ಉರಿದಂತೆ ಒಂದೇ ಸಮನೆ ಸುಯ್ ಎನ್ನುವ ಸದ್ದು. ಆ ಸದ್ದಿನೊಳಗೆ ಆಗಾಗ ಒಂದು ಕಪ್ಪು ತಟ್ಟಿದ ದನಿ. ಗಟ್ಟಿ ಅನ್ನಿಸಿದರೆ ಹಸಿರು ಗುಂಡಿ, ಬಿರುಕು ಅನ್ನಿಸಿದರೆ ಕೆಂಪು, ಗೊತ್ತಾಗಲಿಲ್ಲ ಅಂದರೆ ಹಳದಿ. ಒತ್ತಿದ ಮೇಲೆ ಖಂಡಿತಾನಾ, ಸುಮಾರಾ ಅಂತ ಪರದೆ ಕೇಳುತ್ತದೆ. ಪ್ರತಿ ಸುತ್ತಿನ ಮೊದಲು ಈ ಸುತ್ತಿನಲ್ಲಿ ಬಿರುಕೇ ಜಾಸ್ತಿ ಅಂತಲೋ, ಈ ಸುತ್ತಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಗಟ್ಟಿ ಅಂತಲೋ ಪರದೆಯ ಮೇಲೆ ಬರೆದಿರುತ್ತಿತ್ತು. ಮೊದಲ ದನಿ ಕಿವಿಗೆ ಬಿದ್ದಾಗ ಅವಳ ಎಡಗೈಯ ಮೂರು ಬೆರಳು ತಾವಾಗಿ ಮೇಲೆದ್ದವು. ಕಣ್ಣು ತುಂಬಿ ಬಂತು. ಹಾಳಾದ್ದು, ಎಷ್ಟು ವರ್ಷವಾಗಿತ್ತು!

ನಾಲ್ಕು ಸುತ್ತು ಮುಗಿಸಿ ರಾಣಿಯ ಹಾಗೆ ಹೊರಗೆ ಬಂದಳು. ಹಳದಿ ಗುಂಡಿಯನ್ನು ಒಂದು ಸಲವೂ ಮುಟ್ಟಿರಲಿಲ್ಲ. "ನೂರಕ್ಕೆ ಎಷ್ಟು ಬಂತೇ?" ಎಂದು ಕೇಳಿದಳು.

ಮೊಮ್ಮಗಳು ಕಾಗದ ನೋಡುತ್ತ ತಲೆ ಕೆರೆದುಕೊಂಡಳು. "ಅಜ್ಜಿ, ಬೇಜಾರು ಮಾಡ್ಕೋಬೇಡ. ಎಲ್ರಿಗೂ ಹೀಗೇ ಆಗತ್ತೆ. ನೋಡು, ಒಂದನೇ ಸುತ್ತಲ್ಲೂ ಮೂರನೇ ಸುತ್ತಲ್ಲೂ ಹಾಕಿದ್ದು ಅವೇ ನಲವತ್ತು ದನಿ. ಇಪ್ಪತ್ತು ಗಟ್ಟಿ, ಇಪ್ಪತ್ತು ಬಿರುಕು. ಸಾಲು ಮಾತ್ರ ಬೇರೆ."

"ಮತ್ತೆ ಮೂರನೇದ್ರಲ್ಲಿ ಎಲ್ಲಾ ಗಟ್ಟಿ ಅಂತ ಬರೆದಿತ್ತಲ್ಲ?"

"ಅದು ನಾವು ಬೇಕಂತ್ಲೇ ಹೇಳೋ ಸುಳ್ಳು. ಬಿರುಕೇ ಜಾಸ್ತಿ ಅಂದಾಗ ಇಪ್ಪತ್ತು ಬಿರುಕಲ್ಲಿ ಹದಿನೇಳನ್ನ ಹಿಡಿದಿದೀಯ. ಎಲ್ಲಾ ಗಟ್ಟಿ ಅಂದಾಗ ಹಿಡಿದಿದ್ದು ಬರೀ ಎಂಟು. ಉಳಿದ ಹನ್ನೆರಡಕ್ಕೂ ಹಸಿರು ಒತ್ತಿದೀಯ. ಹನ್ನೆರಡಕ್ಕೂ ಖಂಡಿತ ಅಂದಿದೀಯ."

"ನಿನ್ನ ಮೆಷೀನು ಕೆಟ್ಟಿದೆ."

"ಕೇಳು ಬೇಕಾದ್ರೆ." ಮೊಮ್ಮಗಳು ಆ ಹನ್ನೆರಡರಲ್ಲಿ ಒಂದನ್ನು ಹಾಕಿದಳು. ಸುಯ್ ಸದ್ದಿನೊಳಗಿಂದ ಡಬ್ ಎಂದಿತು. ಅನುಮಾನವೇ ಇಲ್ಲ, ಡಬ್. ಇನ್ನೊಂದು ಹಾಕಿದಳು. ಅದೂ ಡಬ್.

"ಇದನ್ನ ನಾನು ಗಟ್ಟಿ ಅಂದೆನಾ?"

"ಅಂದೆ ಅಜ್ಜಿ."

ಕಿವಿಯಮ್ಮ ಕುರ್ಚಿಯಲ್ಲಿ ಕೂತಳು. "ನಾನು ಸುಳ್ಳು ಹೇಳಿಲ್ಲ ಕಣೇ. ನಂಗೆ ಟಣ್ ಅಂತ ಕೇಳಿಸ್ತು."

"ಸುಳ್ಳು ಅಂತ ಯಾರಂದ್ರು? ನಿಂಗೆ ನಿಜವಾಗ್ಲೂ ಟಣ್ ಅಂತಾನೇ ಕೇಳಿಸಿರತ್ತೆ." ಮೊಮ್ಮಗಳು ಪಕ್ಕದಲ್ಲಿ ಬಂದು ಕೂತಳು. "ಒಂದು ತಕ್ಕಡಿ ಅಂದ್ಕೋ. ಒಂದು ತಟ್ಟೆ ಟಣ್ಣಿಂದು, ಇನ್ನೊಂದು ಡಬ್ಬಿಂದು. ಸದ್ದು ಬಿದ್ದ ಕೂಡ್ಲೇ ಕಿವಿ ಎರಡೂ ತಟ್ಟೆಗೆ ಕಾಳು ಹಾಕ್ತಾ ಹೋಗತ್ತೆ. ಯಾವ ತಟ್ಟೆ ಮೊದಲು ಕೆಳಗೆ ಬರತ್ತೋ ಅದೇ ನಿಂಗೆ ಕೇಳಿಸೋದು. ಈಗ ಯಾರೋ ಮೊದಲೇ ಬಂದು, ಎಲ್ಲಾ ಗಟ್ಟೀನೇ ಅಂತ ಒಂದು ತಟ್ಟೆಗೆ ಒಂದು ಹಿಡಿ ಹಾಕಿ ಹೋಗಿದ್ರೆ? ಎರಡು ಕಾಳಿಗೇ ಅದು ಕೆಳಗಿರತ್ತೆ. ಉಳಿದ ಕಾಳು ಬೀಳೋ ತನಕ ಯಾರು ಕಾಯ್ತಾರೆ? ಬೇಗ ಬೇಗ ಮಾಡು ಅಂದ್ರಂತೂ ಮುಗಿದೇ ಹೋಯ್ತು. ನಮಗೆ ಮಾತ್ರ ಒಳಗೆ ತಕ್ಕಡಿ ಇದೆ ಅಂತಾನೇ ಗೊತ್ತಾಗಲ್ಲ. ಕಿವಿಗೆ ಬಿತ್ತು, ಕೇಳಿಸ್ತು, ಅಷ್ಟೇ ಅಂದ್ಕೋತೀವಿ."

ಕೈ ಉಜ್ಜಿಕೊಳ್ಳುತ್ತ ಬಂದ ಮೇಸ್ತ್ರಿ ಅಜ್ಜಿಯ ಕಣ್ಣ ಮುಂದೆ ನಿಂತ. ಕಿವುಡ ಕೂತು ತಟ್ಟಿದ್ರೂ ಪಾಸೇ, ಬೇಗ ಬೇಗ ಮುಗಿಸಿ. ಮಾಲೀಕರ ಎದುರು ತಟಕ್ಕನೆ ಅಂದ ತನ್ನ ಮಾತು ನೆನಪಾಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೊಮ್ಮಗಳು "ಏನಾಯ್ತಜ್ಜಿ, ನೀರು ಕೊಡ್ಲಾ?" ಎಂದು ಕೇಳುತ್ತಲೇ ಇದ್ದಳು. ಅಜ್ಜಿ "ಮನೆಗೆ ಹೋಗೋಣ" ಎಂದಳು. ಆ ರಾತ್ರಿ ಊಟ ಸೇರಲಿಲ್ಲ. ಆ ಕಪ್ಪು ತನ್ನದಾಗಿದ್ದರೆ? ಅಕ್ಕನದೂ ಆಗಿರಬಹುದಲ್ಲ. ಯಾರಿಗೆ ಗೊತ್ತು? ಗೊತ್ತಿದ್ದರೆ ಒಬ್ಬಳಿಗೇ ಗೊತ್ತಿರಬೇಕು. ಅವಳಿಗೆ ಎಪ್ಪತ್ತಾರು ವರ್ಷ, ಇಂದಿದ್ದವರು ನಾಳೆ ಇರುತ್ತಾರೆ ಅನ್ನುವ ವಯಸ್ಸಲ್ಲ.

ಮರುದಿನ ಹತ್ತು ಗಂಟೆಗೆ ಬಸ್ಸು ಹತ್ತಿದಳು. ಒಂಬತ್ತು ವರ್ಷದ ಹಿಂದೆ ಭಾವ ತೀರಿಕೊಂಡಾಗ ಒಂದು ಸಲ ಆ ಮನೆಗೆ ಹೋಗಿದ್ದಳು. ಗೋಡೆಗೊರಗಿ ಅರ್ಧ ಗಂಟೆ ನಿಂತು, ಅಕ್ಕ ಕಣ್ಣೆತ್ತಿ ನೋಡದ್ದಕ್ಕೆ ಮೂಗು ಕೆಂಪು ಮಾಡಿಕೊಂಡು ವಾಪಸು ಬಂದಿದ್ದಳು. ಈಗ ಮೊದಲ ಮಹಡಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಹಿಂದಿರುಗಿ ಹೋಗಿಬಿಡೋಣ ಅಂತಲೂ ಅನ್ನಿಸಿತು. ಬಾಗಿಲು ತಟ್ಟಿದಳು.

ಒಳಗಿನಿಂದ ಅಕ್ಕನ ದನಿ. "ಯಾರೋ ಬಾಗಿಲು ತಟ್ಟಿದ ಹಾಗಾಯ್ತಾ?"

"ಹೌದತ್ತೆ, ತಟ್ಟಿದ್ರು," ಎಂದು ಸೊಸೆ ಬಂದು ತೆರೆದಳು. ಬಂದವರು ಯಾರೆಂದು ನೋಡಿ ಅರೆಗಳಿಗೆ ಗರ ಬಡಿದವಳಂತೆ ನಿಂತು, "ಬನ್ನಿ ಚಿಕ್ಕತ್ತೆ," ಎಂದಳು.

ಅಕ್ಕ ಕಿಟಕಿಯ ಬಳಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಭುಜದ ಮೇಲೆ ಬಿಸಿಲು. ಅದನ್ನು ನೋಡಿದ್ದೇ ಕಿವಿಯಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು.

"ಕೂತ್ಕೋ," ಎಂದಳು ಅಕ್ಕ, ನಿನ್ನೆ ಬಂದು ಹೋದವಳಿಗೆ ಹೇಳಿದ ಹಾಗೆ. "ಬಸ್ಸಲ್ಲಿ ಬಂದ್ಯಾ?"

"ಅಕ್ಕಾ, ಆ ಕಪ್ಪು ನಂದಿರಬೋದು."

ಯಾವ ಕಪ್ಪು ಅಂತ ಅಕ್ಕ ಕೇಳಲಿಲ್ಲ. ಮಡಚುತ್ತಿದ್ದ ಕೈ ನಿಂತಿತು. ಕಿವಿಯಮ್ಮ ಮೆತ್ತೆಯ ಕೋಣೆ, ಹಸಿರು ಗುಂಡಿ, ತಕ್ಕಡಿ, ಹನ್ನೆರಡು ಕಪ್ಪು ಎಲ್ಲವನ್ನೂ ಹಿಂದುಮುಂದಾಗಿ ಒಂದೇ ಉಸಿರಿಗೆ ಹೇಳಿದಳು. "ನಾನವತ್ತು ಸುಳ್ಳು ಹೇಳಿಲ್ಲ ಅಕ್ಕ. ನಂಗೆ ಡಬ್ ಅಂತ ಕೇಳಿಸ್ಲೇ ಇಲ್ಲ. ಆದ್ರೆ ಡಬ್ ಅಂದಿರಬೋದು."

"ಅಂದಿತ್ತು," ಎಂದಳು ಅಕ್ಕ.

"ಏನು?"

"ಡಬ್ ಅಂತು. ಊಟಕ್ಕೆ ಇನ್ನೊಂದು ಗಂಟೆ ಇತ್ತು. ಇಬ್ಬರ ಕಡ್ಡೀನೂ ಒಟ್ಟಿಗೇ ಬಿತ್ತು, ಒಂದು ಟಣ್ ಅಂತು, ಒಂದು ಡಬ್ ಅಂತು. ನಂಗೆ ನಿನ್ನ ಕಡೆಯಿಂದ ಬಂದ ಹಾಗನ್ನಿಸ್ತು. ತಲೆ ಎತ್ತಿ ನೋಡಿದೆ. ನೀನು ಯಾವುದೋ ಸುದ್ದಿ ಹೇಳಿ ನಗ್ತಾ ನಗ್ತಾ ಪೆಟ್ಟಿಗೆಗೆ ಇಟ್ಟೆ. ನನ್ನ ಕೈಲಿದ್ದದ್ದನ್ನ ಇನ್ನೆರಡು ಸಲ ತಟ್ಟಿ ನೋಡ್ದೆ. ಟಣ್ ಟಣ್ ಅಂತು."

"ಹಾಗಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕಾ? ಮಾಲೀಕರ ಮುಂದೆ ನಂದೇ ಇರ್ಬೇಕು ಅಂದ್ಯಲ್ಲ!"

"ಏನಂತ ಹೇಳಲಿ? ಕಿವಿಯಮ್ಮನಿಗೆ ಕೇಳಿಸದ್ದು ನಂಗೆ ಕೇಳಿಸ್ತು ಅಂತಾನಾ?" ಅಕ್ಕ ನಕ್ಕಳು, ಆ ನಗುವಿನಲ್ಲಿ ನಗು ಕಡಿಮೆಯಿತ್ತು. "ನೀನು ಕಿವಿಯಾಣೆ ಇಟ್ಟೆ. ಅಷ್ಟು ಗಟ್ಟಿಯಾಗಿ ಹೇಳ್ತಾ ಇದಾಳೆ ಅಂದ್ಮೇಲೆ ನನ್ನ ಕಿವೀನೇ ಸರಿ ಇಲ್ಲ ಅಂದ್ಕೊಂಡೆ. ಡಬ್ ಅಂದಿದ್ದು ಯಾವ ಕಡೆ ಅಂತಾನೂ ತಿಳೀದ ಕಿವಿ. ಎರಡು ಸಲ ತಟ್ಟಿ ನೋಡಿದ್ದೂ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು ಅಂದ್ಕೊಂಡೆ. ನಂಗೆ ನನ್ನ ಕಿವಿಗಿಂತ ನಿನ್ನ ಕಿವಿ ಮೇಲೆ ನಂಬಿಕೆ ಇತ್ತು ಕಣೇ."

ಸೊಸೆ ಟೀ ತಂದಿಟ್ಟು ಬಾಗಿಲ ಬಳಿಯೇ ನಿಂತಳು. ಟೀ ಯಾರೂ ಮುಟ್ಟಲಿಲ್ಲ.

"ಅದಕ್ಕೇ ಮಾತು ಬಿಟ್ಟೆಯಾ?"

"ಸಿಟ್ಟಿಗಲ್ಲ. ಮುಖ ತೋರಿಸೋಕೆ ನಾಚಿಕೆ ಆಗ್ತಿತ್ತು. ಕೆಲಸ ಕಲಿಸಿದೋಳು ನಾನು, ಮರ್ಯಾದೆ ಕಳೆದೋಳೂ ನಾನು ಅಂತ." ಅಕ್ಕ ಒಂದು ಬಟ್ಟೆಯನ್ನು ತೊಡೆಯ ಮೇಲಿಟ್ಟು ಸವರಿದಳು. "ಆಮೇಲೆ ಅದೊಂದು ರೋಗ ಆಗೋಯ್ತು. ಹಾಲು ಉಕ್ಕೋ ಸದ್ದಾದ್ರೂ ಯಾರನ್ನಾದ್ರೂ ಕೇಳ್ಬೇಕು. ಬಾಗಿಲು ತಟ್ಟಿದ್ರೂ ಕೇಳ್ಬೇಕು. ನಂಗೊಬ್ಬಳಿಗೇ ಕೇಳಿಸಿದ್ರೆ ಅದು ಸದ್ದೇ ಅಲ್ಲ ಅಂತ ಲೆಕ್ಕ."

ಆಮೇಲೆ ಹೇಳಿದ ಮಾತನ್ನು ಅವಳು ಸೊಸೆಗೂ ಹೇಳಿರಲಿಲ್ಲ ಅನ್ನುವುದು ಸೊಸೆಯ ಮುಖ ನೋಡಿದರೆ ತಿಳಿಯುತ್ತಿತ್ತು.

"ನಿಮ್ಮ ಭಾವ ಹೋದ ದಿನ. ಮಧ್ಯಾಹ್ನ, ಮನೇಲಿ ನಾವಿಬ್ಬರೇ. ಅವರು ಒಳಗಡೆ ಮಲಗಿದ್ರು, ನಾನು ಅಡುಗೆಮನೇಲಿದ್ದೆ. ಕರೆದ್ರು. ಒಂದೇ ಸಲ. ಕೇಳಿಸ್ತು ನಂಗೆ. ನಿಂತು ಕಿವಿಗೊಟ್ಟೆ, ಇನ್ನೊಂದು ಸಲ ಕರೀಲಿಲ್ಲ. ಕೇಳೋಣ ಅಂದ್ರೆ ಹತ್ರ ಯಾರೂ ಇಲ್ಲ. ನನ್ನ ಕಿವಿ ತಾನೇ, ಅದು ಹೇಳೋದೆಲ್ಲ ಹೀಗೇ, ಅಂದ್ಕೊಂಡು ಪಾತ್ರೆ ತೊಳೆದು ಮುಗಿಸಿ ಹೋದೆ. ಅಷ್ಟೊತ್ತಿಗೆ ಆಗೋಗಿತ್ತು."

ಕಿವಿಯಮ್ಮ ಬಂದದ್ದು ಒಂದು ಕಪ್ಪಿಗೆ ಕ್ಷಮೆ ಕೇಳಲು. ಇದಕ್ಕೆ ಏನು ಕೇಳುವುದು, ಯಾವ ಬಾಯಲ್ಲಿ ಕೇಳುವುದು? ಕುರ್ಚಿಯಿಂದ ಇಳಿದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತಳು. ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

"ಅಳಬೇಡ. ಅತ್ತರೆ ಬರಲ್ಲ ಅವರು," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಂದ ಸಿಟ್ಟು. "ಕಪ್ಪು ನಂದಿರಬೋದು ಅಂದ್ಯಲ್ಲ, ಹಾಗಾದ್ರೆ ಇನ್ನೊಂದನ್ನೂ ಹೇಳು. ಬಾಯಿಬಿಟ್ಟು ಹೇಳು."

"ಯಾವುದನ್ನ?"

"ನನ್ನ ಕಿವಿ ವಿಷಯ."

"ನಿನ್ನ ಕಿವಿ ಸರಿ ಇತ್ತು ಅಕ್ಕ."

"ಹೀಗೆ ಗುಸುಗುಸು ಅಲ್ಲ. ಮಾಲೀಕರ ಮುಂದೆ ಹೇಗೆ ಹೇಳಿದ್ಯೋ ಹಾಗೆ ಹೇಳು. ನಿಂತ್ಕೊಂಡು ಹೇಳು. ಇವಳಿಗೂ ಕೇಳಲಿ."

ಕಿವಿಯಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಕೋಣೆಯ ನಡುವೆ ನಿಂತಳು.

"ನಮ್ಮಕ್ಕನ ಕಿವಿ ಸರಿ ಇತ್ತು. ಅವಳಿಗೆ ಕೇಳಿಸಿದ್ದೇ ನಿಜ. ತಪ್ಪಾಗಿದ್ದು ನಂದು."

"ಜೋರಾಗಿ."

"ಅವಳಿಗೆ ಕೇಳಿಸಿದ್ದೇ ನಿಜ! ತಪ್ಪು ನಂದು!"

ಎದುರು ಮನೆಯ ಕಿಟಕಿ ತೆರೆಯಿತು. ಯಾರೋ ಏನಾಯ್ತು ಅಂತ ಇಣುಕಿದರು. ಸೊಸೆ ಕಿಟಕಿಯ ಪರದೆ ಎಳೆಯಲು ಹೋದಳು, ಅಕ್ಕ ಕೈಯಾಡಿಸಿ ಬೇಡ ಎಂದಳು. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕೇಳುವವಳಂತೆ ಮುಂದಕ್ಕೆ ಬಾಗಿ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಇನ್ನೊಂದು ಸಲ," ಎಂದಳು.

ಕಿವಿಯಮ್ಮ ಇನ್ನೊಂದು ಸಲ ಹೇಳಿದಳು.